ಬಾಯಿ ಬಿಟ್ಟ ಸೊನ್ನೆ

ತಿಂಗಳ ಮೊದಲ ದಿನ ಒದ್ದೆ ಬಟ್ಟೆ ಹಿಡಿದು
ಹೋದ ತಿಂಗಳನ್ನು ಒರೆಸುವುದು ನನ್ನ ಕೆಲಸ.
ಕೊಲೆ, ಸುಲಿಗೆ, ಮನೆಗಳವು, ಇತರೆ:
ಹೆಸರುಗಳು ಎಣ್ಣೆಬಣ್ಣದಲ್ಲಿ, ಅಳಿಯುವುದಿಲ್ಲ;
ಅಂಕಿಗಳು ಸೀಮೆಸುಣ್ಣ.
ಕೈಬರಹ ದುಂಡಗಿದೆಯೆಂದು ನನಗೇ ವಹಿಸಿದ್ದು.
ಸೊನ್ನೆಯನ್ನಂತೂ ಕೈಯೆತ್ತದೆ ಒಂದೇ ಸುತ್ತಿಗೆ ಮುಗಿಸುತ್ತೇನೆ.

ಟೀ ತರುವ ಓಬಳೇಶಿ ನಿಂತು ಓದುತ್ತಾನೆ:
‘ಎಲ್ಲಾ ಸೊನ್ನೆ! ಭಾಳ ಒಳ್ಳೆ ಊರು ಬಿಡಕ್ಕ
ನಮ್ಮ ಮೊಳಕಾಲ್ಮೂರು.’

ಆ ಸೊನ್ನೆಯೊಳಗೆ ಯಾರಿದ್ದಾರೆಂದು ನಾನು ಬಲ್ಲೆ.
ತಿಪ್ಪೀರಮ್ಮ ಇದ್ದಾಳೆ. ಸಂತೆಯಲ್ಲಿ ಕೊರಳ ಗುಂಡು ಹೋಗಿ
ಈ ಬೆಂಚಿನ ಮೇಲೆ ಎರಡು ತಾಸು ಕೂತಿದ್ದಳು.
‘ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಾಳೆ ಬಾ’ ಅಂದಾಗ
ತಪ್ಪು ತನ್ನದೇ ಎಂಬಂತೆ ತಲೆಯಾಡಿಸಿ ಎದ್ದಳು.
ಅಂದವಳು ನಾನೇ.
ಪೆನ್ನಯ್ಯನ ಮಗ್ಗದಿಂದ ಕೊಯ್ದುಕೊಂಡು ಹೋದ
ಸೀರೆ ಇದೆ, ಇನ್ನೂ ಸೆರಗು ಕಾಣದ್ದು.
ಅರ್ಧ ಸೀರೆಗೆ ಎಷ್ಟು ಬೆಲೆ ಹಾಕುವುದೆಂದು ಚರ್ಚೆಯಾಗಿ
ಬರೆಯಲೇ ಇಲ್ಲ.
ಬಾತ ಕೆನ್ನೆಗೆ ಸೆರಗು ಒತ್ತಿಕೊಂಡು ಒಬ್ಬಳು ಬಂದಳು,
‘ಹಲ್ಲುನೋವು, ಆಸ್ಪತ್ರೆ ಎಲ್ಲಿ?’ ಅಂದಳು.
ಆಸ್ಪತ್ರೆ ಅವಳ ಮನೆಯ ಎದುರಿಗೇ ಇದೆ.

ಕಾರ್ತೀಕದಲ್ಲಿ ಹೊಸ ಎಸ್‌ಐ ಬಂದರು.
‘ಬಂದವರನ್ನು ಕೂರಿಸಿ, ನೀರು ಕೊಡಿ, ಬರೆದುಕೊಳ್ಳಿ.’
ಅಷ್ಟೇ ಅಂದದ್ದು.
ಆ ತಿಂಗಳು ೧೧ ಬರೆದೆ.
ಬರೆಯುವಾಗ ಕಂಡಿತು:
ಸೊನ್ನೆ ಬಾಯಿ ಬಿಟ್ಟರೆ ಕನ್ನಡದ ಒಂದು.

ಊರು ಬೆಚ್ಚಿತು. ಕಬ್ಬಿಣದಂಗಡಿಯಲ್ಲಿ ಬೀಗ ಮುಗಿದವು.
ಮೆಂಬರು ಬಂದು ಮೇಜು ಕುಟ್ಟಿದರು.
ದುರ್ಗದ ಮೀಟಿಂಗಿನಲ್ಲಿ ಕೇಳಿದರಂತೆ:
ಸುಲಿಗೆ ಒಂದಿದ್ದದ್ದು ಎರಡಾಗಿದೆ,
ನೂರಕ್ಕೆ ನೂರು ಏರಿಕೆ, ಏನು ಮಾಡುತ್ತಿದ್ದೀರಿ?
ಎಸ್‌ಐ ಹೇಳಿದರಂತೆ: ಕೇಳಿಸಿಕೊಳ್ಳುತ್ತಿದ್ದೇವೆ, ಸರ್.
ಯಾರೂ ನಗಲಿಲ್ಲವಂತೆ.

ನನಗೂ ಪೂರ್ತಿ ಅರ್ಥವಾಗಿದೆ ಅಂತೇನಿಲ್ಲ.
ಬರೆದ ಮಾತ್ರಕ್ಕೆ ತಿಪ್ಪೀರಮ್ಮನ ಗುಂಡು ಸಿಕ್ಕಿಲ್ಲ;
ಹಲ್ಲುನೋವಿನವಳು ಮತ್ತೆ ಬಂದಿಲ್ಲ.

ರಾತ್ರಿ ಬೀಟಿನಲ್ಲಿ ನೇಕಾರರ ಓಣಿ ಹಿಡಿಯುತ್ತೇನೆ.
ಲಟಕ್ ಪಟಕ್, ಲಟಕ್ ಪಟಕ್, ಕಿಟಕಿಗೊಂದು ಮಗ್ಗ.
ನನ್ನ ಬೂಟು ಹತ್ತಿರವಾದಂತೆ
ಒಂದು ಮಗ್ಗ ತಟ್ಟನೆ ನಿಲ್ಲುತ್ತದೆ.
‘ಯಾರದು?’
‘ನಾನು, ಸ್ಟೇಷನ್ನಿನ ಗಂಗೂಬಾಯಿ.’
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ, ಲಟಕ್.