ಬೊಗಳದ ಮನೆ

ಹದಿಮೂರು ವರ್ಷದಿಂದ ನೀರಿನ ಮೀಟರ್ ಓದುತ್ತೇನೆ,
ವಿದ್ಯಾರಣ್ಯಪುರದ ಮೂರನೇ ಮೇನಿನಿಂದ
ಸೂಯೇಜ್ ಫಾರ್ಮ್ ಕಡೆಯ ಕೊನೇ ಕ್ರಾಸಿನವರೆಗೆ.
ಮನೆಯವರ ಮುಖ ಮರೆಯುತ್ತೇನೆ,
ನಾಯಿಯ ಮುಖ ಮರೆಯೋಲ್ಲ.
ಎರಡು ಸಲ ಕಚ್ಚಿಸಿಕೊಂಡವಳ ಜ್ಞಾಪಕ ಅದು:
ಎಡ ಮೀನಖಂಡದಲ್ಲೊಂದು, ಸೀರೆ ನೆರಿಗೆಯಲ್ಲೊಂದು.

ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ:
೪೧೨, ಬಿಳಿ, ಮಾತಿಗೆ ಬಗ್ಗುತ್ತೆ.
೪೧೯, ಕುಳ್ಳ, ಕಳ್ಳ, ಹಿಂದಿನಿಂದ ಬರುತ್ತೆ.
೪೨೬, ಸುಬೇದಾರ. ಗೇಟು ಮುಟ್ಟಬೇಡ.

ಸುಬೇದಾರ ಅಂತ ಹೆಸರಿಟ್ಟವಳು ನಾನು.
ಮನೆಯವರು ಯಾವುದೋ ಬಿಸ್ಕತ್ತಿನ ಹೆಸರು ಹಿಡಿದು ಕೂಗುತ್ತಾರೆ.
ಕರಡಿಯ ಹಾಗೆ ಕಪ್ಪು ಕೂದಲು, ಮಂಜಿನ ದೇಶದ ಜಾತಿಯಂತೆ,
ಇಲ್ಲಿ ಸಿಮೆಂಟಿನಂಗಳದಲ್ಲಿ ನೌಕರಿ.
ತಿರುವಿನಲ್ಲಿ ನನ್ನ ಚಪ್ಪಲಿ ಸದ್ದಾದರೆ ಸಾಕು,
ಇಡೀ ಬೀದಿಗೆ ಡಂಗುರ.

ಏಪ್ರಿಲ್ ಇಪ್ಪತ್ತೆರಡು, ಎರಡು ಗಂಟೆ ಹತ್ತು ನಿಮಿಷ.
ಬೆಟ್ಟ ಬಿಳೀ ಝಳದೊಳಗೆ ಅರ್ಧ ಕರಗಿತ್ತು.
ಟಾರು ಅಟ್ಟೆಯನ್ನು ಹಿಡಿದು ಹಿಡಿದು ಬಿಡುತ್ತಿತ್ತು.
ತಿರುವಿಗೆ ಬಂದೆ. ಬೊಗಳಲಿಲ್ಲ.
ಗೇಟಿಗೆ ಬಂದೆ. ಬೊಗಳಲಿಲ್ಲ.
ಮೀಟರ್ ಪೆಟ್ಟಿಗೆಯ ಮುಚ್ಚಳ ಕಿರ್ರೆಂದಿತು.
ಊಹೂಂ.

ಗಾಜು ಒರೆಸಿ ಓದಿದೆ:
ಈ ತಿಂಗಳು ಮನೆ ಕುಡಿದದ್ದು ಇಪ್ಪತ್ತಾರು ಸಾವಿರ ಲೀಟರ್,
ಕಾರಿನದು, ಕ್ರೋಟನ್ನಿನದು ಸೇರಿ.
ಬರೆದುಕೊಂಡು, ಪೆನ್ನು ಕಿವಿಗೆ ಸಿಕ್ಕಿಸಿ, ಇಣುಕಿದೆ.

ಬೆಳಿಗ್ಗೆ ನೆರಳಿದ್ದ ಕಡೆ ಕಟ್ಟಿದ್ದಾರೆ.
ನೆರಳು ಕಾಂಪೌಂಡು ಹಾರಿ ಪಕ್ಕದ ಮನೆ ಸೇರಿದೆ,
ಸರಪಳಿ ಅಲ್ಲೇ ಇದೆ.
ಸ್ಟೀಲು ಬೋಗುಣಿ ಮಗುಚಿ ಬಿದ್ದು ಕಣ್ಣು ಕುಕ್ಕುತ್ತಿದೆ.
ನಾಲಗೆ ಗೇಣುದ್ದ ಹೊರಗೆ, ಇಟ್ಟಿಗೆ ಕೆಂಪು,
ಜೊಲ್ಲು ಹಲಸಿನ ಮೇಣದ ಹಾಗೆ ಅಂಟಂಟು,
ಪಕ್ಕೆ ತಿದಿಯಂತೆ ಏಳುತ್ತ ಬೀಳುತ್ತ.
ನನ್ನನ್ನು ನೋಡಿತು. ಗುರುತು ಹಿಡಿಯದೆ ಬಿಟ್ಟಿತು.
ನಾಲ್ಕು ವರ್ಷದ ವೈರ. ಅವಮಾನವಾಯಿತು.

ಬೆಲ್ ಒತ್ತಿದೆ, ಕರೆಂಟಿಲ್ಲ. ಕೂಗಿದೆ,
ಊಟವಾದ ಮೇಲಿನ ನಿದ್ದೆಗೆ ಕಿವಿಯಿಲ್ಲ.
ಚಿಲಕ ತೆಗೆದೆ. ಕೈ ನಡುಗಿತು, ಸುಳ್ಳೇಕೆ.
ಕೊಕ್ಕೆ ಬಿಚ್ಚುವಾಗ ಬೆರಳು ಚುರ್ರೆಂದಿತು.
ಎಳೆದುಕೊಂಡು, ತಬ್ಬಿಕೊಂಡು, ಮೆಟ್ಟಿಲ ಕೆಳಗೆ ತಂದೆ,
ಪಂಪಿನ ಪಕ್ಕ, ಅಲ್ಲಿ ನೆಲ ಇನ್ನೂ ತಣ್ಣಗಿತ್ತು.

ಪಾಂಡವಪುರದ ಚನ್ನಿಂಗಯ್ಯ, ನಮ್ಮ ಚಿಕ್ಕಯ್ಯ,
ಎತ್ತಿಗೆ ಬಿಸಿಲು ಬಡಿದಾಗ ಹೇಳಿದ್ದು ನೆನಪಾಯಿತು:
'ಬಾಯಿಗೆ ಸುರೀಬ್ಯಾಡ ಕಣವ್ವ, ಕೊರಬಾಡ್ಕಳತ್ತೆ.
ಕಾಲಿಂದ ಸುರು ಮಾಡು.'
ಪಾದದ ಮೆತ್ತೆ, ತೊಡೆಸಂದಿ, ಕಿಬ್ಬೊಟ್ಟೆ;
ಬಾಟಲಿ ಮುಗಿಯಿತು, ಗಿಡದ ನಲ್ಲಿ ತಿರುಗಿಸಿದೆ,
ಕೊಳವೆಯ ಕುದಿನೀರು ಹರಿದುಹೋಗಲಿ ಅಂತ ಕಾದೆ,
ಅಷ್ಟು ಉದ್ದದ ಅರ್ಧ ನಿಮಿಷ ನಾನು ಕಂಡಿಲ್ಲ.
ಸೆರಗು ನೆನೆಸಿ ಒರೆಸಿದೆ, ಹೊದಿಸಲಿಲ್ಲ.
ಬಿಲ್ಲಿನ ಪ್ಯಾಡಿನಿಂದ ಗಾಳಿ ಹಾಕಿದೆ,
ಬಾಕಿದಾರರೆಲ್ಲ ಒಂದೊಂದೇ ಹಾಳೆಯಾಗಿ ಹಾರಿದರು.

ಆಮೇಲೆ ಅಂಗೈ ಕುಳಿ ಮಾಡಿ ಹಿಡಿದೆ.
ಒಂದು ಸಲ ನೆಕ್ಕಿತು. ತಡೆದು, ಇನ್ನೊಂದು ಸಲ.
ಕೈ ಅಲುಗಿಸಲಿಲ್ಲ ನಾನು.

'ಮೀಟರು ಆಚೆ ಇದ್ಯಲ್ರೀ, ಒಳಗೇನು?'
ವೈಜಯಂತಮ್ಮ, ಕೆನ್ನೆ ಮೇಲೆ ದಿಂಬಿನ ಗೆರೆ.
'ಲೀಕೇನಾದ್ರೂ ಇದ್ಯಾ?'
'ಇಲ್ಲ. ಈ ಕಡೆಗೆ ನೀರೇ ಬಂದಿಲ್ಲ' ಅಂದೆ, ಬೋಗುಣಿ ತೋರಿಸಿ.
ಏನೋ ಅನ್ನಲು ಬರಿಗಾಲಲ್ಲಿ ಅಂಗಳಕ್ಕಿಳಿದರು,
ಹಾ ಎಂದು ಜಿಗಿದು ಮೆಟ್ಟಿಲು ಹತ್ತಿದರು,
ಅಂಗಾಲು ಹಿಡಿದುಕೊಂಡು ಅದರ ಅಂಗಾಲು ನೋಡಿದರು.
ನಾನು ಬೇರೆ ಏನೂ ಹೇಳಬೇಕಾಗಲಿಲ್ಲ,
ಆಟೋ ಕರೀರಿ, ಪಶು ಆಸ್ಪತ್ರೆಗೆ, ಸಂಜೆ ಅನ್ನಬೇಡಿ,
ಅಷ್ಟು ಬಿಟ್ಟು.

ಮೇ ತಿಂಗಳು ಅದೇ ತಿರುವಿನಲ್ಲಿ
ಬೇಕೆಂದೇ ಚಪ್ಪಲಿ ಎಳೆದೆ.
ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಮೆಟ್ಟಿಲ ಕೆಳಗಿಂದ, ಮಣ್ಣಿನ ಬಾನಿ ಒದ್ದುಕೊಂಡು,
ಅದೇ ಹಳೇ ಗಂಟಲು, ಅದೇ ಹಲ್ಲು.
ಎರಡು ಹೆಜ್ಜೆ ಹಿಂದಕ್ಕೆ ಹಾರಿ ಚರಂಡಿ ಕಲ್ಲಿಗೆ ಎಡವಿದೆ.

ಡೈರಿ ತೆಗೆದೆ.
೪೨೬, ಸುಬೇದಾರ. ಗೇಟು ಮುಟ್ಟಬೇಡ.
ಹಾಗೇ ಇರಲಿ ಅಂತ ಬಿಟ್ಟೆ.