ಮೂವತ್ತೆಂಟು ಸೆಕೆಂಡು

ತ್ರಿಯೆಸ್ತೆಯ ವೃದ್ಧಾಶ್ರಮದ ನೆಲಮಾಳಿಗೆಯಲ್ಲಿ
ಬಟ್ಟೆ ಒಗೆಯುವ ಯಂತ್ರಕ್ಕೂ ಎಣ್ಣೆ ಡಬ್ಬಗಳಿಗೂ ನಡುವೆ
ಒಂದು ಕಪ್ಪು ಪೆಟ್ಟಿಗೆ.
ಒಳಗೆ ನಾಲ್ಕು ಟ್ಯೂನರ್. ನಾಲ್ಕಕ್ಕೂ ಹಸಿವು.

ಫುಲ್ವಿಯಾ ಹೇಳಿದ್ದು ಇಷ್ಟೇ:
"ಎಲ್ವಿಯೊ, ಮೂವತ್ತೊಂದು ಕೋಣೆ, ಮೂರು ಭಾಷೆ.
ಟೀವಿ ಬರಲಿಲ್ಲ ಅಂತ ರಾತ್ರಿ ಯಾರೂ
ಗಂಟೆ ಒತ್ತಿ ನನ್ನನ್ನು ಎಬ್ಬಿಸಬಾರದು."

ಸೂರಿನ ಮೇಲೆ ಎರಡು ಆಂಟೆನಾ.
ಒಂದರ ಮುಖ ಊರ ಬೆನ್ನಿನ ಗುಡ್ಡಕ್ಕೆ,
ಇನ್ನೊಂದರದು ಗಡಿಯಾಚೆಯ ನಾನೋಸ್ ಬೆಟ್ಟಕ್ಕೆ.
ಎತ್ತು ಏರಿಗೆ, ಕೋಣ ನೀರಿಗೆ.
ತಂತಿಗಳು ಮಾತ್ರ ಗೋಡೆಯ ಒಂದೇ ತೂತಿನಲ್ಲಿ ಇಳಿಯುತ್ತವೆ,
ಮಳೆಗೆ ಸಿಕ್ಕಿ ಒಂದೇ ಕೊಡೆಯಡಿ ನಡೆವ
ದಾಯಾದಿಗಳ ಹಾಗೆ.

ಹುಡುಕು ಎಂದೆ. ಹುಡುಕಿತು.
ಐನೂರ ಅರವತ್ತೆರಡು ಮೆಗಾಹರ್ಟ್ಸ್: ಹನ್ನೊಂದು ಸೇವೆ.
ಐನೂರ ಎಪ್ಪತ್ತೆಂಟು: ಸೊನ್ನೆ.
ಆರುನೂರ ಎರಡು: ಬಂತು. ಹೋಯಿತು. ಬಂತು.
ಗಾಳದ ದಾರ ಬೆರಳಿಗೆ ಸುತ್ತಿಕೊಂಡವನಂತೆ
ಹಸಿರು ಪಟ್ಟಿಯ ನಡುಕ ಕಾಯುತ್ತ ಕೂತೆ.
ಕರೆಯದ ನೆಂಟರೂ ಬಂದರು:
ಉಂಗುರ ಮಾರುವ ನಾಲ್ಕು ವಾಹಿನಿ,
ಹೆಸರೇ ಇಲ್ಲದ್ದೊಂದು,
ಕತ್ತಲ ಪರದೆ, ಒಳಗೆ ಯಾರೋ ಕೆಮ್ಮುವ ಸದ್ದು.
ಅದನ್ನು ಅಳಿಸಲು ಯಾಕೋ ಕೈ ಬರಲಿಲ್ಲ.

ಒಂಬತ್ತನೇ ಕೋಣೆಯ ಝೋರ್ಕಾಗೆ ಬೇಕಾದದ್ದು ಕೋಪರ್ ವಾಹಿನಿ.
ಕಣ್ಣು ಹೋಗಿ ಆರು ವರ್ಷ. ಟೀವಿ ಕೇಳುತ್ತಾಳೆ.
ನಾನೋಸಿನಿಂದ ಅದು ಬರುವುದು ಕುಂಟುತ್ತ.
ಸರಿ, ಎರಡನೇ ಮೂಲ: ಇಂಟರ್ನೆಟ್.
ಕೊಂಡಿಯನ್ನು ನಕಲಿಸಿ ಅಂಟಿಸಿದೆ. ಬರಲಿಲ್ಲ.
ಬದಲಿಸಿದೆ, ಬೈದೆ, ಮತ್ತೆ ಅಂಟಿಸಿದೆ.
ಕೊನೆಯ ಅಕ್ಷರದಾಚೆ ಒಂದು ಖಾಲಿ ಜಾಗ ಇತ್ತು.
ಏನೂ ಇಲ್ಲದ್ದೊಂದು ನನ್ನ ನಲವತ್ತು ನಿಮಿಷ ತಿಂದಿತ್ತು.

ಆಮೇಲೆ ಎರಡನ್ನೂ ಅಕ್ಕಪಕ್ಕ ತೆರೆದೆ.
ಅದೇ ಹೆಂಗಸು, ಅದೇ ಹವಾಮಾನ.
ಎಡಗಡೆ ಅವಳು ನಮಸ್ಕಾರ ಹೇಳಿ ಮುಗಿಸಿದ್ದಾಳೆ,
ಬಲಗಡೆ ಮೋಡಕ್ಕೆ ಇನ್ನೂ ಬೆರಳು ಎತ್ತಿಲ್ಲ.
ಮೂವತ್ತೆಂಟು ಸೆಕೆಂಡು.
ಗಾಳಿಯಲ್ಲಿ ಬಂದದ್ದು ಮೊದಲು, ತಂತಿಯಲ್ಲಿ ಬಂದದ್ದು ಹಿಂದೆ.
ಹಿಂದೆ ನಿಂತು ನೋಡುತ್ತಿದ್ದ ಲಿವಿಯೊ,
ಮೊನ್ಫಲ್ಕೋನೆ ಹಡಗುಕಟ್ಟೆಯಲ್ಲಿ ಕ್ರೇನು ಓಡಿಸಿದವನು, ಹೇಳಿದ:
"ನನ್ನ ಕೋಣೆಗೆ ತಂತಿಯದೇ ಕೊಡು.
ಅಷ್ಟಾದರೂ ಚಿಕ್ಕವನಾಗಿರುತ್ತೇನೆ."

ವಾಹಿನಿ ಒಂದು, ಮೂಲ ಎರಡು.
ಆದ್ಯತೆ ಮೊದಲು ಆಂಟೆನಾಕ್ಕೆ,
ಅದು ಸೋತರೆ ಜಾಲಕ್ಕೆ.
ಉಳಿಸು ಒತ್ತಿ ಮನೆಗೆ ಹೋದೆ.

ಫೆಬ್ರವರಿಯಲ್ಲಿ ಬೋರಾ ಎದ್ದಿತು.
ಈ ಊರಿನಲ್ಲಿ ಆ ಗಾಳಿಗೆ ಕೈಗಂಬಿ ಹಿಡಿದು ನಡೆಯಬೇಕು,
ಕಸದ ಡಬ್ಬಿಗಳು ತಾವೇ ಇಳಿಜಾರು ಇಳಿಯುತ್ತವೆ.
ನಾನೋಸ್ ನೋಡುತ್ತಿದ್ದ ಆಂಟೆನಾ ತಿರುಗಿ
ಸಮುದ್ರ ನೋಡತೊಡಗಿತು.

ದಾಖಲೆಯಲ್ಲಿ ಒಂದೇ ಸಾಲು:
ಎಂಟು ಗಂಟೆ ಹದಿನಾಲ್ಕು, ಸಂಕೇತ ನಷ್ಟ, ಎರಡನೇ ಮೂಲಕ್ಕೆ ಬದಲು.

ಒಂಬತ್ತನೇ ಕೋಣೆಯಲ್ಲಿ ಆಗ ಉಪ್ಪಿನ ಗದ್ದೆಯ ಮುದುಕಿಯೊಬ್ಬಳು
ಮಾತಾಡುತ್ತಿದ್ದಳಂತೆ:
ಆಗಸ್ಟಿನ ಬಿಳಿಗೆ ಕಣ್ಣು ಕಿರಿದು ಮಾಡಿ
ಬರಿಗಾಲಲ್ಲಿ ಉಪ್ಪು ಎಳೆದದ್ದು, ಹಿಮ್ಮಡಿ ಬಿರಿದದ್ದು,
ಸಂಜೆ ಒಬ್ಬರ ಕಾಲು ಒಬ್ಬರು ತೊಳೆದದ್ದು.
ಮಾತು ತಟಕ್ಕನೆ ನಿಂತಿತು.
ಮತ್ತೆ ಬಂದಾಗ ಅವಳು ಅದೇ ಆಗಸ್ಟಿನಲ್ಲಿದ್ದಳು.
ಅದೇ ಬಿಳಿ. ಅದೇ ಹಿಮ್ಮಡಿ.

ಝೋರ್ಕಾ ಆ ಗದ್ದೆಯಲ್ಲಿ ಹನ್ನೊಂದು ಬೇಸಿಗೆ ದುಡಿದವಳು.
ಬೆಳಿಗ್ಗೆ ನನ್ನ ತೋಳು ಹಿಡಿದು ಹೇಳಿದಳು:
"ಕೇಳಿಸಲಿಲ್ಲವೇನೋ ಅಂತ ನನಗಾಗಿ ಇನ್ನೊಮ್ಮೆ ಹೇಳಿದಳು.
ಒಳ್ಳೆಯ ಹೆಂಗಸು."

ಸೂರು ಹತ್ತಿ ಆಂಟೆನಾ ನೆಟ್ಟಗೆ ಮಾಡಿದೆ.
ಮೂರು ಬೋಲ್ಟು ಬಿಗಿಯಾಗಿ.
ನಾಲ್ಕನೆಯದು,
ಬೆರಳು ಮರಗಟ್ಟಿತ್ತು, ಸರಿಯಾಗಿ ನೆನಪಿಲ್ಲ.
ಕೆಳಗಿಳಿದು ಫುಲ್ವಿಯಾಗೆ ಪೂರ್ತಿ ಕೂಲಿಯ ಬಿಲ್ಲು ಕೊಟ್ಟೆ.