ಕಾಲೆಣಿಕೆ

ನನ್ನ ಕೆಲಸ ಇಷ್ಟೇ:
ಹತ್ತರಿಂದ ನಾಲ್ಕರ ತನಕ
ಮುಚ್ಚಿದ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು
ಹಾದುಹೋಗುವವರಿಗೆಲ್ಲ ತಲಾ ಒಂದು ಸಲ
ಹೆಬ್ಬೆರಳು ಒತ್ತುವುದು. ಟಿಕ್.
ನಾಯಿ ಲೆಕ್ಕಕ್ಕಿಲ್ಲ. ತಳ್ಳುಗಾಡಿಯ ಕೂಸು
ಉಂಟೋ ಇಲ್ಲವೋ, ಕೆಲಸ ಕೊಟ್ಟವರು ಹೇಳಲಿಲ್ಲ;
ನಾನು ಕೂಸಿಗೂ ಒತ್ತುತ್ತೇನೆ.

ಪಾಂಟ್‌ಕೆಲಿನ್, ವೇಲ್ಸಿನ ಒಂದು ಕಣಿವೆಯೂರು.
ಗಣಿ ಮುಚ್ಚಿದಾಗಲೂ ಈ ಪೇಟೆ ಮುಚ್ಚಿರಲಿಲ್ಲ.
ಆಮೇಲೆ ಬೈಪಾಸಿನ ಬದಿಗೆ
ವಿಮಾನ ನಿಲ್ಲಿಸುವಷ್ಟು ದೊಡ್ಡ ಅಂಗಡಿ ಬಂತು,
ಅಲ್ಲಿ ಕಾರು ನಿಲ್ಲಿಸಲು ಕಾಸಿಲ್ಲ.
ಇಲ್ಲಿ ಅರ್ಧ ಗಂಟೆಗೆ ಒಂದು ಪೌಂಡು.
ನಲವತ್ತೊಂದು ಬಾಗಿಲಲ್ಲಿ ಹತ್ತೊಂಬತ್ತಕ್ಕೆ ಬೀಗ.
ಬೀಗ ಬಿದ್ದ ಗಾಜುಗಳಿಗೆ ಕೌನ್ಸಿಲ್ಲು ಚಿತ್ರ ಅಂಟಿಸಿದೆ:
ಬ್ರೆಡ್ಡು, ಹಣ್ಣು, ನಗುವ ಹೂವಾಡಗಿತ್ತಿ.
ದೂರದಿಂದ ನೋಡಿದರೆ ಸಂತೆ.
ಹೋದ ವಾರ ಒಂದು ಮಗು
ಬ್ರೆಡ್ಡಿನ ಗಾಜನ್ನು ನೆಕ್ಕಿ ನೋಡಿತು.

ಪೇಟೆಯ ಮ್ಯಾನೇಜರ್ ಕೆರಿಸ್ ಬೆವನ್,
ಏಣಿ ಹತ್ತಿ ತಾನೇ ಹೂಬುಟ್ಟಿಗಳಿಗೆ ನೀರು ಹಾಕುವವಳು,
ಮೊನ್ನೆ ಸಭೆಯಲ್ಲಿ ಹೇಳಿಬಿಟ್ಟಳು:
ದಿನಕ್ಕೆ ಎರಡು ಸಾವಿರ ದಾಟಿದರೆ
ಹಳೆ ಮಾರುಕಟ್ಟೆಯ ಮಾಡಿಗೆ ದುಡ್ಡು ಬರುತ್ತದೆ.
ಹೇಳಬಾರದಿತ್ತು.
ಹಿಂದಿನ ಸಾಲಲ್ಲಿ ಇಡ್ವಲ್ ಪ್ರಾಸರ್ ಇದ್ದರು.

ಐವತ್ತು ವರ್ಷ ಕಬ್ಬಿಣದಂಗಡಿ ನಡೆಸಿದವರು,
ಒಂದೇ ಒಂದು ತಿರುಪು ಬೇಕೆಂದರೂ
ಕಾಗದದಲ್ಲಿ ಸುತ್ತಿ ಕೊಟ್ಟವರು.
ಮಂಗಳವಾರ ಹತ್ತೂ ಐದಕ್ಕೆ ಹಾದರು, ಟಿಕ್.
ಹತ್ತೂ ಹನ್ನೆರಡಕ್ಕೆ ವಾಪಸು, ಟಿಕ್.
ಹತ್ತೂವರೆಗೆ ಟೋಪಿ ಇಲ್ಲದೆ.
ಹನ್ನೊಂದಕ್ಕೆ, ತೀರಿಹೋದ ಹೆಂಡತಿಯ ಕೆಂಪು ಮಫ್ಲರಿನಲ್ಲಿ.
ಸೊಂಟದ ಕೀಲು ಬದಲಾಯಿಸಿಕೊಂಡ ನಡಿಗೆ,
ಹೆಜ್ಜೆಗೊಂದು ಹಳೆ ಬಾಕಿ ತೀರಿಸಿದ ಹಾಗೆ.
ಆರನೆಯ ಸಲ ನಿಂತು, ಬೇರೆ ಕಡೆ ನೋಡುತ್ತ ಕೇಳಿದರು:
"ಬಿತ್ತಾ?"

ಬಂದವರೇ ಬಂದರೆ ಎಣಿಸಬೇಡ ಎಂದು
ನನ್ನ ಹಾಳೆಯಲ್ಲಿ ಬರೆದಿಲ್ಲ.
ಎಣಿಸು ಅಂತಲೂ ಇಲ್ಲ.
ಹೊಸ ವರ್ಷದ ಬೆಳಿಗ್ಗೆ ಮೊದಲು ಹೊಸಿಲು ದಾಟಿದವರ
ಕಾಲ್ಗುಣ ನೋಡುತ್ತಿದ್ದಳು ನಮ್ಮಜ್ಜಿ.
ಈ ಯಂತ್ರಕ್ಕೆ ಕಾಲು ಗೊತ್ತು,
ಗುಣ ಗೊತ್ತಿಲ್ಲ.
ಒತ್ತಿದೆ.

ಬುಧವಾರಕ್ಕೆ ಸುದ್ದಿ ಹಬ್ಬಿತ್ತು.
ತಲೆತುಂಬ ಬೆಳ್ಳಿಹಾಳೆ ಮಡಿಸಿಕೊಂಡೇ
ಸಲೂನಿನ ಇಬ್ಬರು ಹೆಂಗಸರು ಬೀದಿಯ ಕೊನೆ ಮುಟ್ಟಿ ಬಂದರು.
ಕುರ್ದಿಸ್ತಾನದ ಕ್ಷೌರಿಕ ರೆಬೀನ್
ಅರ್ಧ ಗಡ್ಡದ ಗಿರಾಕಿಯನ್ನು ಟವೆಲಿನ ಸಮೇತ ಅಟ್ಟಿದ.
ಕೆರಿಸ್ ಏಣಿಯ ಮೇಲಿಂದ ನೋಡಿದಳು,
ಏನೂ ಕಾಣದವಳಂತೆ ಒಣಗಿದ ಎಲೆ ಕಿತ್ತಳು.

ಗುರುವಾರ ಮಧ್ಯಾಹ್ನ
ಪ್ರಾಸರ್ ಅವರ ಬೂಟಿನ ಹಿಮ್ಮಡಿ ಕಳಚಿತು.
ಮೂರು ದಿನದ ನಡಿಗೆ, ಪಾಪ, ಅದಾದರೂ ಏನು ಮಾಡೀತು.
ಕುಂಟುತ್ತ ಹೋದರು ಟೆಗ್ವೆನ್ ಅಂಗಡಿಗೆ,
ಬೀಗದಕೈ, ಬೂಟು, ಗಡಿಯಾರ, ಎಲ್ಲ ರಿಪೇರಿ ಅಲ್ಲೇ.
ನಾಲ್ಕು ಪೌಂಡು. ಅವಳಿಗೆ ಅದೇ ಆ ದಿನದ ಬೋಣಿ.
ನಿನ್ನ ಮೊಳೆ ಸರಿಯಿಲ್ಲ ಎಂದು ಇವರು ಜಗಳ ತೆಗೆದರು.
ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ,
ಬಾಗಿಲಲ್ಲೇ ಸ್ಟೂಲು ಹಾಕಿ ಕೂತರು.
ಜಗಳ ನೋಡಲು ಇಬ್ಬರು, ಬಿಡಿಸಲು ಒಬ್ಬ,
ರೆಬೀನ್ ಚಹಾ ತಂದ, ಆಮೇಲೆ ಏಳು ಜನ, ಹತ್ತು.
ಇಪ್ಪತ್ತು ನಿಮಿಷ ಬೀದಿಯಲ್ಲಿ ಒಬ್ಬರೂ ಹಾಯಲಿಲ್ಲ.
ಎಲ್ಲ ನಿಂತಿದ್ದರು.
ನಿಂತವರಿಗೆ ಒತ್ತುವ ಗುಂಡಿ ಇಲ್ಲ.

ನಾಲ್ಕಕ್ಕೆ ಬರೆದುಕೊಂಡೆ:
ಎರಡು ಸಾವಿರಕ್ಕೆ ಹದಿನಾರು ಕಡಿಮೆ.
ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಾಗ
ಅವರು ಮನೆಯ ಕಡೆ ಹೋಗುತ್ತಿದ್ದರು,
ತಮ್ಮದೇ ಹಳೆ ಅಂಗಡಿಯ ಮುಂದೆ,
ಗಾಜಿಗಂಟಿದ ಬ್ರೆಡ್ಡಿನ ಕಡೆ ನೋಡದೆ,
ಹೊಸ ಹಿಮ್ಮಡಿ ಕಲ್ಲಿನ ಮೇಲೆ ಸದ್ದು ಮಾಡುತ್ತ.
ಗಂಟೆ ನಾಲ್ಕೂ ಏಳು.
ಚೀಲದೊಳಗೆ ಕೈ ಹಾಕಿದೆ.